ಭಾನುವಾರದ ನೀರು

ಸೋಮವಾರ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಠಾಣೆಯ ಮೆಟ್ಟಿಲು ಹತ್ತಿ ಬಂದವರು ಒಬ್ಬ ದಂತವೈದ್ಯೆ ಮತ್ತು ಆಕೆಯ ಮಗಳು. ತಾಯಿ ಕ್ಲಿನಿಕ್ಕಿನ ಬಿಳಿ ಕೋಟನ್ನು ಬಿಚ್ಚದೆಯೇ ಬಂದಿದ್ದರು. ಮಗಳು ಹದಿನೇಳರ ಹುಡುಗಿ. ಅತ್ತೂ ಅತ್ತೂ ಮೂಗು ಕೆಂಪಾಗಿತ್ತು. ದೂರು ಬರೆದುಕೊಳ್ಳಲು ಕೂತಿದ್ದ ದಫೇದಾರರು ಪೆನ್ನಿನ ಮುಚ್ಚಳ ತೆಗೆದರು.

"ಏನು ಕಳವಾಗಿದೆ?"

"ಗಿಡ," ಎಂದರು ದಂತವೈದ್ಯೆ. "ಬೀನ್ಸ್ ಗಿಡ. ಹದಿನೈದು ಕುಂಡ."

ದಫೇದಾರರು ಪೆನ್ನಿಗೆ ಮತ್ತೆ ಮುಚ್ಚಳ ಹಾಕಿದರು. "ಮೇಡಂ, ಗಿಡ ಮೇಯೋದು ದನ. ದನ ಹಿಡಿಯೋರ ಆಫೀಸು ಹಿಂದಿನ ಬೀದೀಲಿದೆ."

"ಮೊದಲನೇ ಮಹಡಿಗೆ ದನ ಹತ್ತಲ್ಲ ಸರ್," ಎಂದಳು ಹುಡುಗಿ. ದನಿ ಸಣ್ಣದಾಗಿತ್ತು, ಆದರೆ ನಡುಗಲಿಲ್ಲ. "ಗುರುವಾರದೊಳಗೆ ಅವು ಸಿಗದಿದ್ರೆ ನಾನು ಕಳ್ಳಿ ಅಂತಾರೆ."

ಒಳಗಿನ ಕೋಣೆಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದ ಬೂಟಿನ ಸದ್ದು ಗಕ್ಕನೆ ನಿಂತಿತು. ಇನ್‌ಸ್ಪೆಕ್ಟರ್ ಹೊರಗೆ ಬಂದರು. ಠಾಣೆಯಲ್ಲಿ ಅವರ ಬೆನ್ನ ಹಿಂದಿನ ಹೆಸರು ಪಾದರಸ. ಸಿಗರೇಟು ಬಿಟ್ಟು ಒಂದು ವಾರವಾಗಿತ್ತು. ಅಂದಿನಿಂದ ಅವರು ಕುರ್ಚಿಯಲ್ಲಿ ಕೂತದ್ದನ್ನು ಕಂಡವರಿರಲಿಲ್ಲ. ಕಾಲು ಸುಟ್ಟ ಬೆಕ್ಕಿನ ಹಾಗೆ ಇಡೀ ಠಾಣೆ ಸುತ್ತುತ್ತಿದ್ದರು. ಗಿಡದ ಕಳ್ಳತನವೆಂದರೆ ಅವರೂ ನಕ್ಕುಬಿಡುತ್ತಿದ್ದರೇನೋ, ಆದರೆ ಗಿಡ ಕಳೆದುಕೊಂಡವಳನ್ನೇ ಕಳ್ಳಿ ಅನ್ನುವುದು ಹೇಗೆ ಎಂಬ ಪ್ರಶ್ನೆ ಅವರನ್ನು ಹಿಡಿದು ನಿಲ್ಲಿಸಿತು.

"ಮೊದಲಿಂದ ಹೇಳಮ್ಮ."

ಹುಡುಗಿ ಹೇಳಿದಳು. ಅವಳು ಓದುತ್ತಿರುವುದು ಎರಡು ವರ್ಷದ ಅಂತರರಾಷ್ಟ್ರೀಯ ಡಿಪ್ಲೊಮಾ. ವಿಶ್ವವಿದ್ಯಾಲಯಕ್ಕೆ ಹೋಗುವ ಮುಂಚಿನ ಓದು. ಪ್ರಶ್ನೆಪತ್ರಿಕೆ ಎಲ್ಲಿಂದಲೋ ಬರುತ್ತದೆ, ಉತ್ತರ ತಿದ್ದುವವರು ಇನ್ನೆಲ್ಲೋ ಇರುತ್ತಾರೆ. ಪರೀಕ್ಷೆಯ ಜೊತೆಗೆ ಪ್ರತಿಯೊಬ್ಬರೂ ಸ್ವಂತವಾಗಿ ಒಂದು ಪ್ರಯೋಗ ಮಾಡಿ ವರದಿ ಬರೆಯಬೇಕು. ಅದರಲ್ಲಿ ಬೇರೆಯವರ ಕೈ ಸೋಕಿದೆ ಎಂದು ಗೊತ್ತಾದರೆ ಆ ಒಂದು ವರದಿಯಲ್ಲ, ಇಡೀ ಡಿಪ್ಲೊಮಾವೇ ಹೋಗುತ್ತದೆ. ಅವಳು ಆರಿಸಿಕೊಂಡದ್ದು ಉಪ್ಪುನೀರು. ಇಪ್ಪತ್ತು ಕುಂಡ, ನಾಲ್ಕು ಸಾಲು. ಮೊದಲ ಸಾಲಿಗೆ ಸಾದಾ ನೀರು. ಮಿಕ್ಕ ಮೂರಕ್ಕೆ ಸ್ವಲ್ಪ ಉಪ್ಪು, ಹೆಚ್ಚು ಉಪ್ಪು, ತುಂಬಾ ಉಪ್ಪು. ಉಪ್ಪು ಹೆಚ್ಚಿದಷ್ಟೂ ಗಿಡ ಎಷ್ಟು ಕುಳ್ಳಗಾಗುತ್ತದೆ ಎಂದು ಅಳೆಯುವುದು ಅವಳ ಕೆಲಸ. ಮನೆಯಲ್ಲಿ ಜಾಗವಿಲ್ಲವೆಂದು ಟ್ಯೂಷನ್ ಮನೆಯ ಹಿಂದಿನ ಕೋಣೆಯಲ್ಲಿ ದೀಪದಡಿ ಬೆಳೆಸಿದ್ದಳು.

"ಗುರುವಾರ ಏನಿದೆ?"

"ನಮ್ಮ ಸ್ಕೂಲಿನ ಟೀಚರ್ ಬಂದು ನೋಡ್ತಾರೆ. ನನ್ನ ಗ್ರಾಫ್ ನೋಡಿ ಅವರಿಗೆ ಅನುಮಾನ ಬಂದಿದೆ. ಗಿಡಗಳು ಇಷ್ಟೊಂದು ಶಿಸ್ತಾಗಿ ಇರಲ್ಲ ಅಂದ್ರು. ಒಂದೊಂದು ಸಾಲಿಂದ ಒಂದೊಂದು ಗಿಡ ಕಿತ್ತು ಬೇರು ನೋಡ್ತೀನಿ ಅಂದ್ರು. ಈಗ ಗಿಡಾನೇ ಇಲ್ಲ ಅಂದ್ರೆ, ಅಂಕಿ ಎಲ್ಲ ಮನೇಲಿ ಕೂತು ಹುಟ್ಟಿಸಿದ್ದು ಅಂತ ತಾನೆ ಅರ್ಥ?"

"ಎದುರುಗಡೆ ಟ್ಯೂಷನ್ನವರದ್ದೇ ಕೆಲಸ ಇದು," ಎಂದು ದಂತವೈದ್ಯೆ ನಡುವೆ ಬಾಯಿ ಹಾಕಿದರು. "ಹೊಟ್ಟೆಕಿಚ್ಚು. ಹೋಗಿ ಹಿಡೀರಿ."

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಮೇಲಧಿಕಾರಿಗಳು. ಅವರ ಎರಡು ದವಡೆ ಹಲ್ಲು ಇದೇ ದಂತವೈದ್ಯೆ ಕಟ್ಟಿದವಾಗಿದ್ದವು. ಹಾಗಾಗಿ ಎಫ್‌ಐಆರ್ ದಾಖಲಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಅಪರಿಚಿತ ವ್ಯಕ್ತಿಯಿಂದ ಅತಿಕ್ರಮ ಪ್ರವೇಶ ಮತ್ತು ಕಳವು. ಕಳವಾದ ಸ್ವತ್ತು ಎಂಬಲ್ಲಿ ದಫೇದಾರರು ಮುಖ ಹುಳ್ಳಗೆ ಮಾಡಿಕೊಂಡು "ಬೀನ್ಸ್ ಸಸಿಗಳು, ಜೀವಂತ" ಎಂದು ಬರೆದರು.

ಟ್ಯೂಷನ್ ಮನೆ ಒಂದು ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಗಾಜಿನ ಗೋಡೆಯ ಪುಟ್ಟ ಪುಟ್ಟ ಕೋಣೆಗಳು. ಪ್ರತಿ ಕೋಣೆಯಲ್ಲೂ ಒಂದು ಮೇಜು, ಎರಡು ಕುರ್ಚಿ, ಒಬ್ಬ ಮೇಷ್ಟ್ರು, ಒಂದು ಮಗು. ಇಲ್ಲಿ ಪಾಠ ಹೇಳುವ ರೀತಿಯೇ ಬೇರೆ ಎಂದು ಮಾಲಕಿ ಮೇಡಂ ವಿವರಿಸಿದರು. ಮೇಷ್ಟ್ರು ಪ್ರಶ್ನೆ ಕೇಳಬಹುದು, ಉತ್ತರ ಹೇಳುವಂತಿಲ್ಲ. ಮಗುವಿನ ಬರಹದ ಮೇಲೆ ಪೆನ್ನು ಇಡುವಂತಿಲ್ಲ. ಆಸರೆ ಕೊಡಬೇಕು, ಎತ್ತಿಕೊಳ್ಳಬಾರದು.

"ಚೆನ್ನಾಗಿದೆ," ಎಂದರು ಇನ್‌ಸ್ಪೆಕ್ಟರ್. "ಹಿಂದಿನ ಕೋಣೆ ತೋರಿಸಿ."

ಜೆರಾಕ್ಸ್ ಅಂಗಡಿಯವನನ್ನೂ ಪಕ್ಕದ ದರ್ಜಿಯನ್ನೂ ಪಂಚರನ್ನಾಗಿ ಕರೆಸಿ ಪಂಚನಾಮೆ ಶುರುವಾಯಿತು. ಪಕ್ಕದ ಕಟ್ಟಡದ ತಾರಸಿಯ ಕಡೆಗಿದ್ದ ಕಿಟಕಿಯ ಒಂದು ಗಾಜು ಒಡೆದಿತ್ತು. ಉದ್ದನೆಯ ಹಲಗೆಯ ಮೇಲೆ ಸಾದಾ ನೀರಿನ ಐದು ಕುಂಡ ಮಾತ್ರ ಉಳಿದಿದ್ದವು. ಮಿಕ್ಕ ಮೂರು ಸಾಲಿನ ಜಾಗದಲ್ಲಿ ಕುಂಡದ ಅಡಿಯ ದುಂಡನೆಯ ಗುರುತುಗಳು. ಮೇಲೆ ಬೆಲೆಬಾಳುವ ದೀಪಗಳು ಹಾಗೇ ಉರಿಯುತ್ತಿದ್ದವು. ಮೂಲೆಯಲ್ಲಿ ಎರಡು ಲ್ಯಾಪ್‌ಟಾಪ್, ಒಂದು ಸೂಕ್ಷ್ಮದರ್ಶಕ. ಯಾವುದನ್ನೂ ಯಾರೂ ಮುಟ್ಟಿರಲಿಲ್ಲ.

"ಎಂಥಾ ಕಳ್ಳನಪ್ಪ ಇವನು," ಎಂದರು ದಫೇದಾರರು. "ದೀಪ ಬಿಟ್ಟು ಕತ್ತಲೆ ಹೊತ್ಕೊಂಡು ಹೋದ ಹಾಗಾಯ್ತು."

ಇನ್‌ಸ್ಪೆಕ್ಟರ್ ಒಡೆದ ಗಾಜಿನ ಕಂಡಿಯೊಳಗೆ ತೋಳು ತೂರಿಸಿ ನೋಡಿದರು. ಭುಜದವರೆಗೆ ಹೋಯಿತು. ಕಿಟಕಿಗೆ ಕಬ್ಬಿಣದ ಸರಳು ಬೇರೆ ಇತ್ತು. ಉಳಿದ ಕುಂಡವೊಂದನ್ನು ಎತ್ತಿ ಸರಳಿನ ಸಂದಿಗೆ ಹಿಡಿದರು. ಕುಂಡ ದಪ್ಪ, ಸಂದಿ ಸಣ್ಣದು.

"ಬಾಗಿಲಲ್ಲೇ ಹೋಗಿದೆ. ಬೀಗ ಒಡೆದಿಲ್ಲ. ಕೀಲಿ ಯಾರ ಹತ್ರ ಇರುತ್ತೆ?"

ಮೂವರ ಹತ್ತಿರ. ಮಾಲಕಿ ಮೇಡಂ, ಬಯಾಲಜಿ ಮೇಷ್ಟ್ರು, ಕಸ ಗುಡಿಸುವ ಆಯಾ. ಶನಿವಾರ ಸಂಜೆ ಹುಡುಗಿ ಗಿಡ ಅಳೆದು, ನೀರು ಹಾಕಿ ಹೋದ ಮೇಲೆ ಬೀಗ ಬಿದ್ದಿತ್ತು. ಭಾನುವಾರ ಪೂರ್ತಿ ರಜೆ. ಮೇಡಂ ಶನಿವಾರದಿಂದ ಬೇರೆ ಊರಿನ ಸಮ್ಮೇಳನದಲ್ಲಿದ್ದು ಈ ದಿನ ಬೆಳಗಿನ ರೈಲಿಗೆ ಬಂದಿದ್ದರು. ಅದನ್ನು ದಫೇದಾರರು ಫೋನಿನಲ್ಲೇ ವಿಚಾರಿಸಿ ಖಚಿತಪಡಿಸಿಕೊಂಡರು.

ಕೈಯಲ್ಲಿದ್ದ ಕುಂಡವನ್ನು ವಾಪಸು ಇಡಲು ಹೋದ ಇನ್‌ಸ್ಪೆಕ್ಟರ್ ಅದರಡಿಯ ತಟ್ಟೆಯನ್ನು ನೋಡುತ್ತ ನಿಂತರು. ತಟ್ಟೆಯಲ್ಲಿ ನೀರಿತ್ತು. ಐದು ತಟ್ಟೆಯಲ್ಲೂ ನೀರಿತ್ತು.

"ಶನಿವಾರ ನೀನು ನೀರು ಹಾಕಿದ್ಯಲ್ಲಮ್ಮ, ಇದು ಅದೇನಾ?"

ಹುಡುಗಿ ಬಗ್ಗಿ ನೋಡಿದಳು. "ಇಲ್ಲ ಸರ್. ತಟ್ಟೇಲಿ ನಿಂತ ನೀರನ್ನ ನಾನು ಚೆಲ್ಲಿಯೇ ಹೋಗೋದು. ಇಲ್ಲಾಂದ್ರೆ ಬೇರು ಕೊಳೆಯುತ್ತೆ. ನಮ್ಮ ಮೇಷ್ಟ್ರು ಅದನ್ನ ಮೊದಲನೇ ದಿನಾನೇ ಹೇಳಿಕೊಟ್ಟಿದ್ರು."

"ಹಾಗಾದ್ರೆ ಭಾನುವಾರ ಯಾರು ನೀರು ಹಾಕ್ತಾರೆ?"

"ಯಾರೂ ಇಲ್ಲ. ವಾರಕ್ಕೆ ಆರೇ ದಿನ ನೀರು ಅಂತ ವಿಧಾನದಲ್ಲೇ ಬರೆದಿದ್ದೀನಿ."

ಇನ್‌ಸ್ಪೆಕ್ಟರ್ ದಫೇದಾರರ ಕಡೆ ತಿರುಗಿದರು. "ಬರ್ಕೊಳ್ಳಿ. ಕಳ್ಳ ಬಂದ, ಹದಿನೈದು ಕುಂಡ ತೆಗೆದ, ಹೋಗೋವಾಗ ಉಳಿದ ಐದಕ್ಕೆ ನೀರು ಹಾಕಿ ಹೋದ."

"ಸರ್, ಹೀಗೆ ಬರೆದ್ರೆ ಕೋರ್ಟಲ್ಲಿ ನಗ್ತಾರೆ."

"ನಗಲಿ. ಐದೂ ಕುಂಡ ಠಾಣೆಗೆ ತಗೊಳ್ಳಿ. ತಟ್ಟೆ ಸಮೇತ, ನೀರು ಚೆಲ್ಲದ ಹಾಗೆ."

ದಫೇದಾರರು ನಿಧಾನದ ಮನುಷ್ಯ. ಜೀಪಿನಲ್ಲಿ ಐದು ಕುಂಡಗಳನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದರು. ಬೀದಿಯವರು ನೋಡಿ ನಕ್ಕದ್ದನ್ನು ಹೊಟ್ಟೆಗೆ ಹಾಕಿಕೊಂಡರು.

ಮಂಗಳವಾರ ಬೆಳಿಗ್ಗೆ ಎರಡು ಸುದ್ದಿ ಬಂದವು. ಎದುರಿನ ಟ್ಯೂಷನ್ನಿನವರು ಭಾನುವಾರ ಇಡೀ ದಿನ ಮಕ್ಕಳನ್ನು ಕೂಡಿಸಿಕೊಂಡು ಮಾದರಿ ಪರೀಕ್ಷೆ ನಡೆಸಿದ್ದರು. ಅವರ ಮೇಷ್ಟ್ರುಗಳಲ್ಲಿ ಯಾರೂ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಎರಡನೆಯದು, ಮಾಲಕಿ ಮೇಡಂ ಆಯಾಳಿಂದ ಕೀಲಿ ಕಿತ್ತುಕೊಂಡು ಕೆಲಸದಿಂದ ಬಿಡಿಸಿದ್ದರು. ಮೂವರಲ್ಲಿ ಯಾರೋ ಒಬ್ಬರು ಎಂದ ಮೇಲೆ ಮೇಡಂಗೆ ಸುಲಭವಾಗಿ ಕಂಡದ್ದು ಅವಳೇ.

ಆಯಾ ಠಾಣೆಗೆ ಬಂದು ಬೆಂಚಿನ ಮೇಲೆ ಕೂರಲೂ ಒಪ್ಪಲಿಲ್ಲ. "ಏಳು ವರ್ಷದಿಂದ ಗುಡಿಸ್ತಿದ್ದೀನಿ ಸಾಹೇಬ್ರೆ. ಒಂದು ರಬ್ಬರು ಎತ್ಕೊಂಡು ಹೋದೋಳಲ್ಲ. ಆ ಗಿಡ ತಗೊಂಡು ನಾನೇನು ಹುಳಿ ಮಾಡ್ಲಾ? 'ಮುಟ್ಟಬೇಡಿ' ಅಂತ ಬೋರ್ಡ್ ಹಾಕಿದ್ರು, ಧೂಳು ಸಹ ಹೊಡೀತಿರಲಿಲ್ಲ."

"ಭಾನುವಾರ ಎಲ್ಲಿದ್ದೆ?"

"ಮಗಳ ಮನೇಲಿ. ಮೊಮ್ಮಗು ಹುಟ್ಟಿ ಮೂರು ದಿನ. ಕೇಳ್ಕೊಂಡು ಬನ್ನಿ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕಳ್ಳಿ ಅಂದ್ರಲ್ಲ ಸಾಹೇಬ್ರೆ, ಅಷ್ಟು ಜನರ ಮುಂದೆ. ಬಯಾಲಜಿ ಮೇಷ್ಟ್ರೂ ಅಲ್ಲೇ ಇದ್ರು. ದೇವರಂಥ ಮನುಷ್ಯ, ಅವರಾದ್ರೂ ಒಂದು ಮಾತಾಡ್ತಾರೆ ಅಂತ ನೋಡ್ದೆ. ಗೋಡೆ ನೋಡ್ತಾ ನಿಂತಿದ್ರು."

ದಫೇದಾರರು ಹೋಗಿ ಕೇಳಿಕೊಂಡು ಬಂದರು. ಮಗಳ ಮನೆಯ ಅಕ್ಕಪಕ್ಕದ ನಾಲ್ಕು ಮನೆಯವರು ಆಯಾ ಭಾನುವಾರ ಬೆಳಗಿನಿಂದ ಸಂಜೆಯವರೆಗೆ ಅಲ್ಲೇ ಬಟ್ಟೆ ಒಗೆಯುತ್ತಿದ್ದುದನ್ನು ಕಂಡಿದ್ದರು.

ಇನ್‌ಸ್ಪೆಕ್ಟರರ ತಲೆಯಲ್ಲಿ ಇನ್ನೊಂದು ಅನುಮಾನ ಹುಳದ ಹಾಗೆ ಕೊರೆಯುತ್ತಿತ್ತು. ಬೇರು ನೋಡುತ್ತೇನೆ ಎಂದ ಮೇಲೆ ಗಿಡ ಮಾಯವಾಗಿದೆ. ಹಾಗಾದರೆ ಬೇರಿನಲ್ಲಿ ಏನೋ ಇದೆ. ಬೇರಿಗೆ ಹೆದರಬೇಕಾದವಳು ಮೊದಲು ಆ ಹುಡುಗಿಯೇ. ಮೇಷ್ಟ್ರ ಕೀಲಿಯನ್ನು ಅರ್ಧ ಗಂಟೆ ಎತ್ತಿಕೊಳ್ಳುವುದು ಏನು ದೊಡ್ಡ ವಿಷಯ? ಮನಸ್ಸಿಗೆ ಒಗ್ಗದಿದ್ದರೂ ಅವಳನ್ನು ತಾಯಿಯೊಡನೆ ಮತ್ತೆ ಕರೆಸಿದರು. ನಡೆದಾಡುತ್ತಲೇ ಪ್ರಶ್ನೆ ಹಾಕಿದರು.

"ಅಂಕಿ ನೀನೇ ಅಳೆದಿದ್ದಾ?"

"ನಾನೇ."

"ಎಲ್ಲಾನೂ?"

"ಎಲ್ಲಾನೂ ಸರ್."

"ಟೀಚರ್ ಬೇರು ನೋಡೋದು ನಿನಗೆ ಇಷ್ಟ ಇರಲಿಲ್ಲ, ಅಲ್ವಾ?"

ಹುಡುಗಿ ದಡಕ್ಕನೆ ಎದ್ದು ನಿಂತಳು. "ಬೇರು ಕಿತ್ತು ನೋಡಿ ಅಂತ ಹೇಳಿದ್ದೇ ನಾನು! ಬೇಕಾದ್ರೆ ಅವರಿಗೇ ಫೋನ್ ಮಾಡಿ. ಅವರು ನಂಬಲಿಲ್ಲ, ಅದಕ್ಕೆ ನಾನೇ ಅಂದೆ, ನಿಮಗೆ ಬೇಕಾದ ಗಿಡ ಆರಿಸಿ ಕಿತ್ಕೊಳ್ಳಿ ಅಂತ." ಈಗ ಅವಳ ಕಣ್ಣಲ್ಲಿ ನೀರು ಉಕ್ಕಿತು. "ಮೊದಮೊದಲು ಗಿಡಗಳು ಏನೂ ಸರಿ ಇರಲಿಲ್ಲ ಸರ್. ತುಂಬಾ ಉಪ್ಪು ಹಾಕಿದ್ದು ಚೆನ್ನಾಗಿ ಬೆಳೀತಿತ್ತು, ಸ್ವಲ್ಪ ಹಾಕಿದ್ದು ಸಾಯ್ತಿತ್ತು. ಗ್ರಾಫ್ ನೋಡಿ ಅಮ್ಮ, 'ಇದೇನೇ, ನನ್ನ ಪೇಷಂಟ್ ಹಲ್ಲಿನ ಥರ ಇದೆ' ಅಂತ ನಕ್ಕಿದ್ಲು. ನಾನು ಮೇಷ್ಟ್ರ ಮುಂದೆ ಕೂತು ಅತ್ತುಬಿಟ್ಟಿದ್ದೆ. ಆಮೇಲೆ ಒಂದು ಸೋಮವಾರದಿಂದ ಎಲ್ಲಾ ಸರಿಹೋಯ್ತು. ಮೆಟ್ಟಿಲಿನ ಥರ ಕರೆಕ್ಟಾಗಿ. ಗಿಡಗಳು ನನ್ನ ಮಾತು ಕೇಳೋಕೆ ಶುರು ಮಾಡಿದ್ವು ಅಂದ್ಕೊಂಡೆ."

"ಸೋಮವಾರದಿಂದ," ಎಂದರು ಇನ್‌ಸ್ಪೆಕ್ಟರ್.

"ಹೂಂ."

ಫೋನಿನಲ್ಲಿ ಸ್ಕೂಲಿನ ಟೀಚರು ಆ ಮಾತನ್ನು ಹೌದೆಂದರು. ಬೇರು ಕಿತ್ತು ನೋಡಿ ಎಂದದ್ದು ಹುಡುಗಿಯೇ. "ಆದರೆ ಗುರುವಾರ ಗಿಡ ಇಲ್ಲದಿದ್ದರೆ ನಾನು ಸಹಿ ಹಾಕಲಾರೆ. ನನಗೂ ಮೇಲಿನವರಿದ್ದಾರೆ," ಎಂದರು. ಇನ್‌ಸ್ಪೆಕ್ಟರ್ ಫೋನಿಟ್ಟು ಜೇಬು ತಡಕಿದರು. ಸಿಗರೇಟು ಇರಲಿಲ್ಲ. ಒಂದು ಬೆಂಕಿಕಡ್ಡಿ ತೆಗೆದು ಹಲ್ಲಲ್ಲಿ ಕಚ್ಚಿಕೊಂಡರು. ಹದಿನೇಳು ವರ್ಷದ ಕೂಸು ತನ್ನ ಪ್ರಾಮಾಣಿಕತೆಗೆ ಸಾಕ್ಷಿಯಾಗಿ ಗಿಡವನ್ನೇ ನಂಬಿಕೊಂಡಿತ್ತು. ಆ ಗಿಡಗಳಿಗೆ ಅವಳಿಗೆ ಗೊತ್ತಿಲ್ಲದ್ದು ಏನೋ ಗೊತ್ತಿತ್ತು. ಅದು ಅವರಿಗೆ ಸಂಕಟ ತಂದಿತು.

ಬುಧವಾರ ಬೆಳಿಗ್ಗೆ ಬಯಾಲಜಿ ಮೇಷ್ಟ್ರನ್ನು ಕರೆಸಲಾಯಿತು. ನಲವತ್ತು ದಾಟಿದ ತೆಳ್ಳನೆಯ ಮನುಷ್ಯ. ಇಸ್ತ್ರಿ ಮಾಡಿದ ಅಂಗಿ, ಉಗುರಿನಡಿಯಲ್ಲಿ ಮಣ್ಣು. ಇನ್‌ಸ್ಪೆಕ್ಟರ್ ಬೇಕೆಂತಲೇ ಆ ಐದು ಕುಂಡಗಳನ್ನು ಮೇಜಿನ ಮೇಲೆ ಸಾಲಾಗಿ ಇಡಿಸಿದ್ದರು. ಬೆಳಿಗ್ಗೆ ದಫೇದಾರರು ಅವಕ್ಕೆ ನೀರು ಹೊಯ್ದಿದ್ದರು. ಕೈ ಧಾರಾಳವಾಗಿ ತಟ್ಟೆಗಳು ತುಳುಕುತ್ತಿದ್ದವು.

"ಭಾನುವಾರ ಎಲ್ಲಿದ್ರಿ ಮೇಷ್ಟ್ರೇ?"

"ಮನೇಲಿ."

"ಟ್ಯೂಷನ್ ಮನೆ ಕಡೆ ಬಂದಿರಲಿಲ್ವಾ?"

"ರಜಾ ದಿನ ಯಾಕೆ ಬರ್ತೀನಿ?"

"ಪ್ರಶ್ನೆಗೆ ಪ್ರಶ್ನೆ ಹಾಕ್ತೀರಲ್ಲ."

"ಕ್ಷಮಿಸಿ. ವೃತ್ತಿ ಅಭ್ಯಾಸ."

"ಗಿಡ ಯಾರು ತಗೊಂಡಿರಬಹುದು?"

"ನಿಮಗೆ ಏನನ್ಸುತ್ತೆ?" ಎಂದವರು ತಕ್ಷಣ ನಾಲಿಗೆ ಕಚ್ಚಿಕೊಂಡರು. "ಗೊತ್ತಿಲ್ಲ ಸರ್."

"ಕೀಲಿ ಮೂವರ ಹತ್ರ ಇತ್ತು. ಮೇಡಂ ಊರಲ್ಲಿರಲಿಲ್ಲ. ಉಳಿದದ್ದು ನೀವು ಮತ್ತು ಆಯಾ."

ಇನ್‌ಸ್ಪೆಕ್ಟರ್ ಕಿಟಕಿಯ ಬಳಿ ಹೋಗಿ ಬೆನ್ನು ತಿರುಗಿಸಿ ನಿಂತರು. ಕಿಟಕಿಯ ಗಾಜಿನಲ್ಲಿ ಮೇಜು ಚೆನ್ನಾಗಿ ಕಾಣುತ್ತಿತ್ತು. ಪಾದರಸ ಎನ್ನಿಸಿಕೊಂಡ ಮನುಷ್ಯ ಆ ಎರಡು ನಿಮಿಷ ಕಲ್ಲಾಗಿ ನಿಂತದ್ದನ್ನು ದಫೇದಾರರು ಆಮೇಲೆ ಬಹಳ ಜನರಿಗೆ ಹೇಳಿದರು.

ಮೇಷ್ಟ್ರ ಕಣ್ಣು ಕುಂಡಗಳ ಮೇಲಿತ್ತು. ಮೊದಲು ಒಂದು ಬೆರಳು ಹೋಗಿ ಮಣ್ಣನ್ನು ಒತ್ತಿ ನೋಡಿತು. ಆಮೇಲೆ ಎರಡೂ ಕೈ ಹೋದವು. ಕುಂಡ ಎತ್ತಿ, ತಟ್ಟೆಯ ನೀರನ್ನು ಮೇಜಿನ ಪಕ್ಕದ ಬುಟ್ಟಿಗೆ ಚೆಲ್ಲಿ, ತಟ್ಟೆಯನ್ನು ಅಂಗಿಯ ತುದಿಯಿಂದ ಒರೆಸಿ, ಕುಂಡವನ್ನು ಮೊದಲಿನ ಜಾಗದಲ್ಲೇ ಇಟ್ಟರು. ಎರಡನೆಯದು. ಮೂರನೆಯದು. ತಾನು ಎಲ್ಲಿ ಕೂತಿದ್ದೇನೆ ಎಂಬುದೇ ಅವರಿಗೆ ಮರೆತಂತಿತ್ತು.

"ಭಾನುವಾರ ಇದೊಂದು ಮರೆತುಹೋಯ್ತು ಅಲ್ವಾ ಮೇಷ್ಟ್ರೇ?" ಎಂದು ಇನ್‌ಸ್ಪೆಕ್ಟರ್ ತಿರುಗದೆಯೇ ಕೇಳಿದರು. "ಗಡಿಬಿಡಿ ಇತ್ತು. ಹದಿನೈದು ಕುಂಡ ಸಾಗಿಸಬೇಕಿತ್ತು. ನೀರು ಹಾಕೋದು ಮರೀಲಿಲ್ಲ, ತಟ್ಟೆ ಚೆಲ್ಲೋದು ಮರೆತ್ರಿ."

ನಾಲ್ಕನೆಯ ಕುಂಡ ಮೇಷ್ಟ್ರ ಕೈಯಲ್ಲೇ ಉಳಿಯಿತು.

"ನಿಮ್ಮ ಮನೆ ನೋಡ್ಬಹುದಾ?"

ಮೇಷ್ಟ್ರು ತಲೆಯಾಡಿಸಿದರು.

ಮನೆ ಎಂದರೆ ಎರಡು ಕೋಣೆ. ಮೇಷ್ಟ್ರ ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಪೊಲೀಸರನ್ನು ಕಂಡು ಗಾಬರಿಯಾಗುವ ಬದಲು ಅವರಿಗೆ ಒಂದು ಬಗೆಯ ಸಮಾಧಾನವೇ ಆದಂತಿತ್ತು.

"ಬನ್ನಿ ಬನ್ನಿ. ನೀವಾದ್ರೂ ಇವನಿಗೆ ಬುದ್ಧಿ ಹೇಳಿ. ಮೂರು ದಿನದಿಂದ ಸ್ನಾನಕ್ಕೆ ಜಾಗ ಇಲ್ಲ ಈ ಮನೇಲಿ. ಪಕ್ಕದ ಮನೇಲಿ ಬಕೆಟ್ ಹಿಡ್ಕೊಂಡು ನಿಲ್ತೀನಿ, ಈ ವಯಸ್ಸಲ್ಲಿ!"

"ಅಕ್ಕಾ," ಎಂದರು ಮೇಷ್ಟ್ರು.

"ಏನು ಅಕ್ಕ? ಪ್ರತಿ ಭಾನುವಾರ ಗಿಡ ಗಿಡ ಅಂತ ಓಡ್ತಿದ್ದೆ, ಊಟ ಆರಿ ತಣ್ಣಗಾಗ್ತಿತ್ತು, ಸುಮ್ನಿದ್ದೆ. ಈಗ ಮನೆಗೇ ತಂದು ತುಂಬಿದ್ದೀಯ."

ದಫೇದಾರರು ಬಚ್ಚಲ ಬಾಗಿಲು ತಳ್ಳಿದರು. ಗೂಡಿನಷ್ಟು ಬೆಳಕಿಂಡಿಯ ಕೆಳಗೆ ಹದಿನೈದು ಕುಂಡಗಳು ಮೂರು ಸಾಲಾಗಿ ನಿಂತಿದ್ದವು. ಸಾಲು ತಪ್ಪಿರಲಿಲ್ಲ, ಹುಡುಗಿ ಅಂಟಿಸಿದ ಚೀಟಿಗಳೆಲ್ಲ ಮುಂದೆ ಮುಖ ಮಾಡಿದ್ದವು. ಪಕ್ಕದಲ್ಲಿ ಮೂರು ಬಾಟಲಿಗಳಲ್ಲಿ ಮೂರು ಬಗೆಯ ಉಪ್ಪುನೀರು. ಮೇಷ್ಟ್ರು ಕದ್ದು ತಂದ ಮೇಲೂ ಪ್ರಯೋಗ ನಿಲ್ಲಿಸಿರಲಿಲ್ಲ. ಮೂಲೆಯ ಹಳೆಯ ಪೆಟ್ಟಿಗೆಯೊಂದರಲ್ಲಿ ಇನ್ನೊಂದಿಷ್ಟು ಸಸಿಗಳಿದ್ದವು. ಎಲ್ಲ ಬೇರೆ ಬೇರೆ ಎತ್ತರದವು. ಯಾವ ಚೀಟಿಯೂ ಇರಲಿಲ್ಲ.

ಇನ್‌ಸ್ಪೆಕ್ಟರ್ ಜೊತೆಗೆ ಕರೆತಂದಿದ್ದ ಪಂಚರ ಎದುರೇ ಒಂದು ಕುಂಡದ ಗಿಡವನ್ನು ಮಣ್ಣಿನ ಸಮೇತ ಮೆಲ್ಲನೆ ಎತ್ತಿದರು. ಹೊರಗಿನ ಮಣ್ಣು ಕೆಂಪು. ಬೇರಿನ ಸುತ್ತ ಮುಷ್ಟಿಯಷ್ಟು ಮಣ್ಣು ಕಪ್ಪು. ಪೆಟ್ಟಿಗೆಯಲ್ಲಿದ್ದದ್ದೂ ಅದೇ ಕಪ್ಪು ಮಣ್ಣು.

"ಕೂತ್ಕೊಂಡು ಹೇಳಿ," ಎಂದರು. ತಾವು ಮಾತ್ರ ಕೂರಲಿಲ್ಲ.

ಮೇಷ್ಟ್ರು ಬಚ್ಚಲ ಹೊಸ್ತಿಲ ಮೇಲೆಯೇ ಕೂತರು. "ಒಂದು ಭಾನುವಾರ ಕನ್ನಡಕ ಮರೆತಿದ್ದೆ ಅಂತ ಹೋದೆ. ದೀಪದ ಬಿಸಿಗೆ ಎಲ್ಲಾ ಗಿಡ ಬಾಡಿ ಕತ್ತು ಬಗ್ಗಿಸಿದ್ವು. ನೋಡೋಕಾಗಲಿಲ್ಲ. ಒಂದೊಂದು ಲೋಟ ನೀರು ಹಾಕಿದೆ. ಅಷ್ಟೇ ಶುರುವಾಗಿದ್ದು. ಮುಂದಿನ ವಾರ ಎರಡು ಸತ್ತಿದ್ವು, ಮನೇಲಿ ಆ ಪೆಟ್ಟಿಗೇಲಿ ಬೆಳೆಸ್ತಿದ್ದದ್ದು ತಂದು ನೆಟ್ಟೆ. ಅದರ ಮುಂದಿನ ವಾರ ಸಾಯದೇ ಇರೋದನ್ನೂ ಬದಲಾಯಿಸಿದೆ. ತುಂಬಾ ಉಪ್ಪಿನ ಸಾಲಲ್ಲಿ ಯಾವುದು ಎತ್ತರ ಇತ್ತೋ ಅದನ್ನ ಕಿತ್ತು ಗಿಡ್ಡದ್ದು ಇಟ್ಟೆ. ಅವಳು ಸೋಮವಾರ ಬಂದು ಅಳೆದು ನಕ್ಕಳು. ಆ ನಗು ನೋಡಿದ ಮೇಲೆ ನಿಲ್ಲಿಸೋಕಾಗಲಿಲ್ಲ."

"ಸಾದಾ ನೀರಿನ ಸಾಲು?"

"ಅದರಲ್ಲಿ ಬದಲಾಯಿಸೋ ಅಂಥದ್ದೇನೂ ಇರಲಿಲ್ಲ. ಅದಕ್ಕೇ ಬಿಟ್ಟು ಬಂದೆ. ಟೀಚರ್ ಬೇರು ನೋಡ್ತಾರೆ ಅಂತ ಅವಳು ಖುಷಿಯಿಂದ ಬಂದು ಹೇಳಿದಳು. ಕಪ್ಪು ಮಣ್ಣು ಕಂಡ್ರೆ ಎಲ್ಲಾ ಬಯಲಾಗುತ್ತೆ ಅಂತ ನನಗೆ ಗೊತ್ತಿತ್ತು. ಕಳವಾದ್ರೆ ಪಾಪ ಅಂತ ಬಿಡ್ತಾರೆ, ಮೋಸ ಅಂದ್ರೆ ಬಿಡಲ್ಲ. ಹಾಗಂದ್ಕೊಂಡು ಗಾಜು ಒಡೆದೆ."

"ದಾರೀಲಿ ಎಸೆದುಬಿಟ್ಟಿದ್ರೆ ನಮಗೆ ಸಿಗ್ತಾನೇ ಇರಲಿಲ್ಲ."

"ಹೇಗೆ ಎಸೀಲಿ ಸರ್? ಬೆಳೀತಾ ಇದಾವಲ್ಲ."

"ಆಯಾ ಕೆಲಸ ಹೋಯ್ತು. ಅಷ್ಟು ಜನರ ಮುಂದೆ ಕಳ್ಳಿ ಅನ್ನಿಸ್ಕೊಂಡ್ಲು. ನೀವು ಅಲ್ಲೇ ನಿಂತಿದ್ರಿ."

ಮೇಷ್ಟ್ರು ತಲೆ ತಗ್ಗಿಸಿದರು. "ಹೌದು. ನಿಂತಿದ್ದೆ."

"ಯಾಕ್ ಮೇಷ್ಟ್ರೇ? ನಿಮ್ಮ ಕೋಣೆ ಬೋರ್ಡಿನ ಮೇಲೆ ದೊಡ್ಡಕ್ಷರದಲ್ಲಿ ಬರೆದಿದೆ, ನಾನು ಓದಿದ್ದೀನಿ. 'ಕಂಡದ್ದನ್ನೇ ಬರೆ.' ಬರೆದವರು ನೀವೇ ತಾನೆ?"

"ನಾನೇ." ಅವರು ಮೂಲೆಯ ಪೆಟ್ಟಿಗೆಯ ಕಡೆ ನೋಡಿದರು. "ಆ ಪೆಟ್ಟಿಗೆ ನನ್ನದಲ್ಲ. ಹೋದ ವರ್ಷ ಒಬ್ಬ ಹುಡುಗ ಇದ್ದ. ಅವನ ಗಿಡಗಳೂ ಹೀಗೇ, ಹೇಳಿದ ಮಾತು ಕೇಳಲಿಲ್ಲ. ನಾನು ಅಂದೆ, ಕಂಡದ್ದನ್ನೇ ಬರೆ ಕಂದಾ, ಉಳಿದದ್ದು ನೋಡ್ಕೊಳ್ಳೋಣ. ಬರೆದ. ಅಂಕ ಬರಲಿಲ್ಲ. ಅಂದ್ಕೊಂಡಿದ್ದ ಕಾಲೇಜಿನ ಸೀಟು ಹೋಯ್ತು. ಆಮೇಲೆ ಓದೇ ಬಿಟ್ಟ. ಅವನ ತಾಯಿ ಆ ಕುಂಡ, ಪೆಟ್ಟಿಗೆ ಎಲ್ಲಾ ತಂದು ನನ್ನ ಮೇಜಿನ ಮೇಲಿಟ್ಟು, 'ನಿಮ್ಮ ಸತ್ಯ ನಿಮ್ಮ ಹತ್ರಾನೇ ಇರಲಿ ಮೇಷ್ಟ್ರೇ' ಅಂದು ಹೋದ್ರು. ಈ ಹುಡುಗಿ ನನ್ನ ಮುಂದೆ ಅತ್ತಳಲ್ಲ, ಆಗ 'ಕಂಡದ್ದನ್ನೇ ಬರೆ' ಅನ್ನೋ ಮಾತನ್ನ ಇನ್ನೊಂದು ಮಗೂಗೆ ಹೇಳೋಕೆ ನನಗೆ ಬಾಯಿ ಬರಲಿಲ್ಲ."

ಹೊಲಿಗೆ ಯಂತ್ರದ ಸದ್ದು ಯಾವಾಗಲೋ ನಿಂತಿತ್ತು. ಅಕ್ಕ ಬಾಗಿಲಿಗೆ ಬಂದು ತಮ್ಮನ ತಲೆಯ ಮೇಲೆ ಕೈ ಇಟ್ಟರು. ಅಳುವ ಮಗುವನ್ನು ನೋಡಲಾಗದವನನ್ನು ಬಂಧಿಸುವುದು ಇನ್‌ಸ್ಪೆಕ್ಟರರಿಗೆ ಇಷ್ಟವಿರಲಿಲ್ಲ. ಆದರೆ ಬೆಂಚಿನ ಮೇಲೆ ಕೂರದೆ ನಿಂತೇ ಅತ್ತ ಆಯಾ ಕಣ್ಣ ಮುಂದೆ ಬಂದಳು. ಮಧ್ಯಾಹ್ನ ಬಂಧನ ದಾಖಲಾಯಿತು. ಹದಿನೈದು ಕುಂಡ, ಒಂದು ಪೆಟ್ಟಿಗೆ, ಮೂರು ಬಾಟಲಿ ಜಪ್ತಿಯಾದವು.

ಗುರುವಾರ ಸ್ಕೂಲಿನ ಟೀಚರು ಠಾಣೆಗೇ ಬಂದರು. ಹುಡುಗಿ ಪಕ್ಕದಲ್ಲಿ ನಿಂತಿದ್ದಳು. ಇಬ್ಬರೂ ಬೇರುಗಳನ್ನು ನೋಡಿದರು, ಮೇಷ್ಟ್ರ ಹೇಳಿಕೆಯನ್ನು ಓದಿದರು. ಹುಡುಗಿಗೆ ಸಿಟ್ಟು ಬಂದಿತ್ತು. "ನನ್ನ ಗಿಡ ಕೆಟ್ಟದಾಗಿದ್ರೆ ಕೆಟ್ಟದಾಗಿರಲಿ ಬಿಡಿ ಅನ್ನೋಕೆ ಒಬ್ಬರೂ ಇರಲಿಲ್ವಾ?" ಎಂದು ಕೇಳಿದಳು. ತಾಯಿ ನೆಲ ನೋಡಿದರು. ಹುಡುಗಿಯ ತಪ್ಪಿಲ್ಲವೆಂದು ಟೀಚರು ಬರೆದುಕೊಟ್ಟು, ಎರಡು ವಾರ ಗಡುವು ಕೊಡಿಸಿದರು. ಹೊಸದಾಗಿ ಬೆಳೆಸಲು ಆ ಸಮಯ ಸಾಲದು. ಮೊದಲ ವಾರಗಳ ಕೆಟ್ಟ ಅಂಕಿ, ಸಾದಾ ನೀರಿನ ಸಾಲು, ನಡುವೆ ನಡೆದದ್ದು, ಎಲ್ಲವನ್ನೂ ಇದ್ದ ಹಾಗೇ ಬರೆಯುತ್ತೇನೆ ಎಂದಳು ಹುಡುಗಿ. ಎಷ್ಟು ಅಂಕ ಬರುತ್ತದೋ ಯಾರಿಗೂ ಗೊತ್ತಿರಲಿಲ್ಲ. ಆಯಾಳಿಗೆ ಮೇಡಂ ಕೀಲಿಯನ್ನು ವಾಪಸು ಕಳಿಸಿದರು. ಅವಳು ಎರಡು ದಿನ ಕಾಯಿಸಿ, ಮೇಡಂ ಖುದ್ದಾಗಿ ಬಂದು ಎಲ್ಲರೆದುರು ತಪ್ಪಾಯಿತು ಎಂದ ಮೇಲೆಯೇ ತೆಗೆದುಕೊಂಡಳು.

ಮೇಷ್ಟ್ರಿಗೆ ಶುಕ್ರವಾರ ಜಾಮೀನು ಸಿಕ್ಕಿತು. ಪ್ರತಿ ಭಾನುವಾರ ಬೆಳಿಗ್ಗೆ ಠಾಣೆಗೆ ಬಂದು ಸಹಿ ಹಾಕಬೇಕೆಂಬುದು ಷರತ್ತು.

ಜಪ್ತಿಯಾದ ಸ್ವತ್ತು ಹಾಳಾಗದಂತೆ ನೋಡಿಕೊಳ್ಳುವುದು ಪೊಲೀಸರ ಕರ್ತವ್ಯ. ಹಾಗಾಗಿ ಠಾಣೆಯ ಕಿಟಕಿಯ ಬಳಿ ಇಪ್ಪತ್ತು ಕುಂಡ ಸಾಲಾಗಿ ನಿಂತವು. ಹುಡುಗಿ ದಿನಾ ಸ್ಕೂಲು ಮುಗಿಸಿ ಅಳತೆಪಟ್ಟಿ ಹಿಡಿದು ಬರುತ್ತಿದ್ದಳು. ದಫೇದಾರರಿಗೆ ಯಾವ ಬಾಟಲಿ ಯಾವ ಸಾಲಿಗೆ ಎಂಬುದು ಬಾಯಿಪಾಠವಾಗಿತ್ತು.

ಭಾನುವಾರ ಬೆಳಿಗ್ಗೆ ಮೇಷ್ಟ್ರು ಬಂದರು. ಸಹಿ ಹಾಕಿದರು. ಕಿಟಕಿಯ ಬಿಸಿಲಿಗೆ ಗಿಡಗಳು ಕತ್ತು ಬಗ್ಗಿಸಿದ್ದವು. ತುಂಬಾ ಉಪ್ಪಿನ ಸಾಲಿನಲ್ಲಿ ಒಂದು ಪೂರ್ತಿ ನೆಲ ಕಚ್ಚಿತ್ತು. ಮೇಷ್ಟ್ರು ಅದರ ಮುಂದೆ ನಿಂತುಬಿಟ್ಟರು.

ದಫೇದಾರರು ಕೊಳಾಯಿಯಿಂದ ಲೋಟ ತುಂಬಿಸಿಕೊಂಡು ಬಂದರು. "ಪಾಪ, ಬಾಡಿಹೋಗಿದಾವೆ. ಒಂದೊಂದು ಗುಟುಕು ಹಾಕ್ತೀನಿ, ಯಾರಿಗೆ ಗೊತ್ತಾಗುತ್ತೆ?"

ಒಳಗಿನ ಕೋಣೆಯಲ್ಲಿ ಬೂಟಿನ ಸದ್ದು ನಿಂತಿತು.

ಮೇಷ್ಟ್ರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಕಣ್ಣು ಮಾತ್ರ ಗಿಡದ ಮೇಲೆಯೇ ಇತ್ತು.

"ಬೇಡ ದಫೇದಾರರೇ," ಎಂದರು. "ಇವತ್ತು ಭಾನುವಾರ."